ಪ್ರಯಾಣಕ್ಕೆ ಮುಂಚಿನ ಬಿಡಾರ

ದೂರಪ್ರಯಾಣಕ್ಕೆ ಸಿದ್ಧರಾಗುವ ಗೃಹಸ್ಥರು ರೈಲನ್ನೂ ಹಡಗನ್ನೂ ತಿಂಗಳುಗಟ್ಟಲೆ ವಿಚಾರಿಸಿ ಗೊತ್ತುಮಾಡುತ್ತಾರೆ. ಹೊರಡುವುದಕ್ಕೆ ಮುಂಚೆ ಎರಡು ಮೂರು ರಾತ್ರಿ ತಂಗತಕ್ಕ ಬಿಡಾರದ ಯೋಚನೆ ಮಾತ್ರ ಕಡೆಯ ಗಳಿಗೆಗೆ ಉಳಿಯುತ್ತದೆ. ಯಾವುದೋ ಒಂದು ಕೋಣೆ ಸಿಕ್ಕಿದರಾಯಿತೆಂಬ ಈ ಔದಾಸೀನ್ಯವು ತಾರುಣ್ಯದಲ್ಲಿ ಸಲ್ಲಬಹುದು. ವೃದ್ಧರನ್ನು ಕರೆದುಕೊಂಡು ಹೊರಟವರಿಗೆ ಸಲ್ಲದು.

ಕಳೆದ ಮಾರ್ಗಶಿರದಲ್ಲಿ ನಮ್ಮ ಕುಟುಂಬದ ಏಳು ಮಂದಿ ಮುಂಬಯಿಯಿಂದ ಗೋವೆಗೆ ಹೋಗಿಬರುವ ವಿಹಾರನೌಕೆಯೊಂದರಲ್ಲಿ ಸಮುದ್ರಯಾನ ಮಾಡುವುದೆಂದು ನಿಶ್ಚಯವಾಯಿತು. ಇದಕ್ಕೆಲ್ಲ ಮೂಲಕಾರಣರು ನಮ್ಮ ಅಕ್ಕನವರು. ಅವರಿಗೆ 74 ವರ್ಷ. ಹೊನ್ನಾಳಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯಲ್ಲಿ ಬಾಳಿದ ಅವರು ತುಂಗಭದ್ರೆಯ ನೆರೆಯನ್ನು ಎಷ್ಟೋ ಸಲ ಕಂಡಿದ್ದರೂ ಸಮುದ್ರವನ್ನು ಒಮ್ಮೆಯೂ ಕಂಡವರಲ್ಲ. ಮೊಣಕಾಲಿನ ನೋವು ಹಳೆಯದು. ಎರಡು ವರ್ಷಗಳಿಂದೀಚೆಗೆ ಹೃದಯಕ್ಕೂ ಔಷಧ ನಡೆಯುತ್ತಿದೆ. ವೈದ್ಯರು ಪರೀಕ್ಷೆಮಾಡಿ ಅನುಮತಿ ಕೊಟ್ಟರೆ ಮಾತ್ರ ಅವರ ಪ್ರಯಾಣ. ಆ ವೈದ್ಯರಿರುವುದು ದಾವಣಗೆರೆಯಲ್ಲಿ. ಮುಂಬಯಿಯ ರೈಲು ಹತ್ತುವುದೂ ಅಲ್ಲಿಯೇ. ಚನ್ನಗಿರಿಯಿಂದ ತಮ್ಮನ ಸಂಸಾರವೂ ಜಗಳೂರಿನಿಂದ ನಾದಿನಿಯೂ ಬಂದು ಕೂಡಬೇಕಾಗಿತ್ತು. ಆದುದರಿಂದ ಮೂರು ದಿನಗಳ ಬಿಡಾರ ಅನಿವಾರ್ಯವಾಯಿತು.

ಬಿಡಾರವು ದಾವಣಗೆರೆಯಲ್ಲಿರಬೇಕೆ, ಹರಿಹರದಲ್ಲಿರಬೇಕೆ ಎಂಬುದೇ ಮೊದಲ ಪ್ರಶ್ನೆ. ಎರಡು ಊರುಗಳಿಗೂ ನಡುವೆ ಸುಮಾರು 14 ಕಿಲೋಮೀಟರು. ಬಸ್ಸುಗಳು ದಿನವೆಲ್ಲ ಓಡಾಡುತ್ತಿರುತ್ತವೆ. ನಮ್ಮ ಮನಸ್ಸು ಹರಿಹರದ ಕಡೆಗಿತ್ತು. ಹೊಳೆ ಇದೆ, ಹಳೆಯ ದೇವಾಲಯವಿದೆ, ಬಾಡಿಗೆ ಕಡಮೆ. ನಮ್ಮ ಮನೆಯವರು ಮಾತ್ರ, “ಅಕ್ಕನವರಿಗೆ ರಾತ್ರಿ ಎರಡು ಗಂಟೆಗೆ ಎದೆ ಹಿಡಿದರೆ ದೇವಸ್ಥಾನದ ಬಾಗಿಲು ತಟ್ಟುತ್ತೀರಾ?” ಎಂದರು. ಈ ಒಂದು ಮಾತಿನ ಮುಂದೆ ನಮ್ಮ ಪಕ್ಷದ ವಾದವೆಲ್ಲ ನಿಂತುಹೋಯಿತು. ಹರಿಹರದಲ್ಲಿಯೂ ರೈಲು ನಿಲ್ದಾಣವುಂಟು. ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ. ವೈದ್ಯಕೀಯ ಕಾಲೇಜುಗಳೂ ದೊಡ್ಡ ಆಸ್ಪತ್ರೆಗಳೂ ಇರುವುದು ದಾವಣಗೆರೆಯಲ್ಲಿ.

ದಾವಣಗೆರೆಯು ಪುರಾಣಪ್ರಸಿದ್ಧವಾದ ಊರಲ್ಲ. ವ್ಯಾಪಾರದಿಂದ ಬೆಳೆದ ಊರು. ಹೈದರಲಿಯು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಇದನ್ನು ಜಹಗೀರಾಗಿ ಕೊಟ್ಟ ಮೇಲೆ ಇಲ್ಲಿ ವರ್ತಕರು ನೆಲೆಸಿದರೆಂದು ಹೇಳುತ್ತಾರೆ. ಮುಂದೆ ಹತ್ತಿಯೂ ಬಟ್ಟೆಯ ಗಿರಣಿಗಳೂ ಊರಿಗೆ ಹೆಸರು ತಂದವು. ಗಿರಣಿಗಳ ಕಾಲ ಮುಗಿದ ಮೇಲೆ ವಿದ್ಯಾಲಯಗಳೂ ಆಸ್ಪತ್ರೆಗಳೂ ಆ ಸ್ಥಾನಕ್ಕೆ ಬಂದವು. 1997ರಲ್ಲಿ ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲೆಯ ಮುಖ್ಯಸ್ಥಳವಾಯಿತು. ವರ್ತಕರ ಊರಾದುದರಿಂದ ವಸತಿಗೃಹಗಳಿಗೆ ಕೊರತೆಯಿಲ್ಲ, ಆರಿಸಿಕೊಳ್ಳುವುದೇ ಕಷ್ಟ.

ಹಳೆಯ ಪುಣೆ-ಬೆಂಗಳೂರು ಮಾರ್ಗವಾದ ಪಿ. ಬಿ. ರಸ್ತೆಯ ಆಚೆ ಈಚೆ ಹಲವು ವಸತಿಗೃಹಗಳಿವೆ. ಹೆದ್ದಾರಿಯು ಈಗ ಊರ ಹೊರಗಿನಿಂದ ಹೋಗುತ್ತಿದ್ದರೂ ಈ ರಸ್ತೆಯ ಗದ್ದಲ ಕಡಮೆಯಾಗಿಲ್ಲ. ವಿದ್ಯಾನಗರದ ಕಡೆ ಹೊಸ ಬಡಾವಣೆಗಳಲ್ಲಿ ನಿಶ್ಶಬ್ದವುಂಟು. ರೈಲು ನಿಲ್ದಾಣ ದೂರ. ನಾವು ಒಂದು ವಾರ ಮುಂಚಿತವಾಗಿ ಒಬ್ಬರೇ ಹೋಗಿ ನಾಲ್ಕು ಕಡೆ ಕಣ್ಣಾರೆ ನೋಡಿದೆವು. ದೂರವಾಣಿಯಲ್ಲಿ ಕಾಣುವ ಚಿತ್ರಗಳನ್ನು ನಂಬಿ ಮುಂಗಡ ಕೊಡುವವರಿಗೆ ನಮ್ಮದೊಂದು ವಿಜ್ಞಾಪನೆ: ಹಾಸಿಗೆಯ ಚಿತ್ರವನ್ನು ಎಲ್ಲರೂ ತೋರಿಸುತ್ತಾರೆ, ಮೆಟ್ಟಿಲಿನ ಚಿತ್ರವನ್ನು ಯಾರೂ ತೋರಿಸುವುದಿಲ್ಲ. ನಾವು ನೋಡಿದ ಮೊದಲನೆಯ ಕಡೆ ಒಳಾಂಗಣವು ಅರಮನೆಯಂತಿತ್ತು. ಆದರೆ ಬೀದಿಯಿಂದ ಒಳಬಾಗಿಲಿಗೆ ಒಂಬತ್ತು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ಎರಡನೆಯ ಕಡೆ ಲಿಫ್ಟು ಇತ್ತು. ವಿದ್ಯುತ್ತು ಹೋದರೆ ಏನು ಗತಿಯೆಂದು ಕೇಳಿದ್ದಕ್ಕೆ, “ಬರುವ ತನಕ ಕಾಯಬೇಕು ಸಾರ್” ಎಂದು ಆ ಹುಡುಗನು ನಿರ್ವಂಚನೆಯಿಂದ ಹೇಳಿದನು. ಮೂರನೆಯದರಲ್ಲಿ ಸ್ನಾನದ ಕೋಣೆಯ ನೆಲವು ಕನ್ನಡಿಯಂತೆ ಹೊಳೆಯುತ್ತಿತ್ತು. ಮೊಣಕಾಲು ಗಟ್ಟಿಯಿಲ್ಲದವರಿಗೆ ಹೊಳೆಯುವ ನೆಲವೇ ಮೊದಲ ಶತ್ರು.

ನಾಲ್ಕನೆಯದು ನೋಟಕ್ಕೆ ಸಾಧಾರಣ. ನಿಲ್ದಾಣಕ್ಕೆ ಆಟೋರಿಕ್ಷಾದಲ್ಲಿ ಐದು ನಿಮಿಷ; ನೆಲಮಹಡಿಯಲ್ಲಿ ಹಿತ್ತಿಲ ಕಡೆಗೆ ಎರಡು ಕೋಣೆಗಳು; ಒರಟು ಕಲ್ಲಿನ ಸ್ನಾನಗೃಹ; ಕುರ್ಚಿಯ ಮಾದರಿಯ ಶೌಚಾಲಯ. ಬಿಸಿನೀರು ಬೆಳಿಗ್ಗೆ ಮಾತ್ರ, ಆದರೆ ಕೇಳಿದಾಗ ಬಕೆಟ್ಟಿನಲ್ಲಿ ತಂದುಕೊಡುವುದಾಗಿ ಒಪ್ಪಿದರು. ಮುಖ್ಯವಾಗಿ, ಬಾಡಿಗೆಯ ದಿನವನ್ನು ನಾವು ಕೋಣೆಗೆ ಬಂದ ಗಳಿಗೆಯಿಂದ 24 ಗಂಟೆಯೆಂದು ಎಣಿಸುವ ಪದ್ಧತಿ. ಮಧ್ಯಾಹ್ನ 12ಕ್ಕೆ ಬಿಡಬೇಕೆಂಬ ನಿಯಮವಿರುವಲ್ಲಿ, ಸಂಜೆ ಹೊರಡುವವರು ಗಂಟುಮೂಟೆಯೊಡನೆ ಅರ್ಧ ದಿನ ಬೀದಿಯಲ್ಲಿರಬೇಕಾಗುವುದು. ಇಲ್ಲವೆ ಇಡೀ ದಿನದ ಬಾಡಿಗೆ ತೆರಬೇಕಾಗುವುದು. ಇದನ್ನು ಮೊದಲೇ ಕೇಳತಕ್ಕದ್ದು. ಲಗ್ನದ ದಿನಗಳಲ್ಲಿಯೂ, ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಕಾಲದಲ್ಲಿಯೂ ಕೋಣೆ ಸಿಕ್ಕುವುದೇ ಕಷ್ಟವೆಂಬುದನ್ನು ಗೃಹಿಣಿಯರು ನೆನಪಿನಲ್ಲಿಟ್ಟರೆ ಒಳ್ಳೆಯದು.

ಊಟದ ವಿಷಯದಲ್ಲಿ ದಾವಣಗೆರೆ ಯಾರನ್ನೂ ಉಪವಾಸ ಕೆಡಹುವುದಿಲ್ಲ. ಖಾನಾವಳಿಯ ರೊಟ್ಟಿ, ಮಂಡಕ್ಕಿ-ಮೆಣಸಿನಕಾಯಿ, ಬೆಣ್ಣೆದೋಸೆ ಎಲ್ಲವೂ ಪ್ರಸಿದ್ಧ. ಹೃದ್ರೋಗಿಯನ್ನು ವೈದ್ಯರಲ್ಲಿಗೆ ಕರೆತಂದವರು ಬೆಣ್ಣೆದೋಸೆಯ ಅಂಗಡಿಯ ಪಕ್ಕದಲ್ಲಿ ಬಿಡಾರ ಮಾಡಬಾರದೆಂಬುದಷ್ಟೆ ನಮ್ಮ ಅನುಭವ. ಮೊದಲನೆಯ ದಿನ ಅಕ್ಕನವರು ಅರ್ಧ ದೋಸೆಗೆ ತೃಪ್ತರಾದರು. ಅದರ ಮೇಲಿನ ಬೆಣ್ಣೆಯನ್ನು ತಮ್ಮನ ಮಗನ ತಟ್ಟೆಗೆ ಸರಿಸಿ, ಅದು ಕರಗುವವರೆಗೂ ನೋಡುತ್ತಿದ್ದರು.

ಎರಡನೆಯ ದಿನವೆಲ್ಲ ಆಸ್ಪತ್ರೆಯಲ್ಲಿ ಕಳೆಯಿತು. ಸಂಜೆಯವರೆಗೆ ಯಾರೂ ಹಡಗಿನ ಮಾತೆತ್ತಲಿಲ್ಲ. ಅಕ್ಕನವರಿಲ್ಲದೆ ಉಳಿದವರು ಹೋಗುವುದು ನ್ಯಾಯವೆ, ಕಟ್ಟಿದ ಹಣದ ಗತಿಯೇನು ಎಂಬ ಪ್ರಶ್ನೆಗಳು ಎಲ್ಲರ ಮನಸ್ಸಿನಲ್ಲಿಯೂ ಇದ್ದವು. ಆರು ಗಂಟೆಗೆ ವೈದ್ಯರು ಕಾಗದಗಳನ್ನು ನೋಡಿ, “ಹೋಗಿಬನ್ನಿ ಅಮ್ಮಾ. ಉಪ್ಪು ಕಡಮೆ, ಮೆಟ್ಟಿಲು ಹತ್ತಬೇಡಿ, ಔಷಧ ಕೈಚೀಲದಲ್ಲಿಯೇ ಇರಲಿ” ಎಂದರು. ಅಕ್ಕನವರು ಏನೂ ಹೇಳಲಿಲ್ಲ. ಬಿಡಾರಕ್ಕೆ ಬಂದು, ಪೆಟ್ಟಿಗೆಯ ಅಡಿಯಲ್ಲಿಟ್ಟಿದ್ದ ಹೊಸ ಸೀರೆಯನ್ನು ತೆಗೆದು ಮೇಲಕ್ಕೆ ಇಟ್ಟರು.

ರೈಲು ಮರುದಿನ ಸಂಜೆ. ಹಡಗು ಅದಕ್ಕೆ ಎರಡು ದಿನಗಳ ಮೇಲೆ. ಹಡಗು ಬಿಡುವುದಕ್ಕೆ ಕೆಲವು ಗಂಟೆಗಳ ಮುಂಚೆಯೇ ಪ್ರವೇಶವನ್ನು ಮುಚ್ಚುವುದರಿಂದ ಮುಂಬಯಿಯಲ್ಲಿ ಒಂದು ರಾತ್ರಿಯನ್ನು ಕೈಯಲ್ಲಿ ಇಟ್ಟುಕೊಂಡಿದ್ದೆವು. ರೈಲಿನ ಹೊತ್ತಿಗೆ ಮುಂಚೆ ಸಿಕ್ಕಿದ ಬೆಳಗಿನ ವೇಳೆಯಲ್ಲಿ ಹರಿಹರಕ್ಕೆ ಹೋದೆವು.

ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕಟ್ಟಿಸಿದನು. ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಹಾಗಿದ್ದೂ ಹೆಸರಿನಲ್ಲಿ ಹರಿಯು ಮೊದಲೇಕೆಂದು ತಮ್ಮನ ಮಗನು ಕೇಳಿದನು. ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದವರಿಗೆ ಇಂಥ ಪ್ರಶ್ನೆಯು ಹಬ್ಬದಂತೆ. ದ್ವಂದ್ವಸಮಾಸದಲ್ಲಿ ಇಕಾರಾಂತವಾದ ಪದವು ಮುಂದೆ ಬರಬೇಕೆಂಬುದು ಪಾಣಿನಿಯ ವಿಧಿ. ಇದಕ್ಕೆ ವೈಯಾಕರಣರು ಕೊಡುವ ಉದಾಹರಣೆಯೂ ‘ಹರಿಹರೌ’ ಎಂಬುದೇ. ಮತಭೇದದ ಮಾತು ಇದರಲ್ಲಿಲ್ಲವೆಂದು ನಾವು ವಿವರಿಸಿ ಮುಗಿಸುವಷ್ಟರಲ್ಲಿ ಹುಡುಗನು ಕಂಬಗಳನ್ನು ಎಣಿಸಲು ಹೋಗಿದ್ದನು.

ಅಲ್ಲಿಂದ ಹೊಳೆಯ ದಂಡೆಗೆ ಬಂದೆವು. ತುಂಗಭದ್ರೆಯ ಮೇಲಿನ ಹಳೆಯ ಕಮಾನುಸೇತುವೆಯು 1868ರಲ್ಲಿ ಮುಗಿದದ್ದು. 1956ಕ್ಕೆ ಮುಂಚೆ ಇದನ್ನು ದಾಟಿದವರು ಮೈಸೂರನ್ನು ಬಿಟ್ಟು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಕಾಲಿಡುತ್ತಿದ್ದರು. ಈಗ ಆಚೆಯ ದಡ ಹಾವೇರಿ ಜಿಲ್ಲೆ. “ಆಗಿನ ಕಾಲದಲ್ಲಾಗಿದ್ದರೆ ನಡೆದುಕೊಂಡೇ ಮುಂಬಯಿಗೆ ಹೋಗಬಹುದಾಗಿತ್ತು” ಎಂದು ತಮ್ಮನು ನಗಿಸಿದನು.

ಅಕ್ಕನವರು ಸೊಸೆಯ ಕೈಹಿಡಿದು ಕೆಳಗಿನ ಮೆಟ್ಟಿಲಿನಲ್ಲಿ ಕುಳಿತು ನೀರಿಗೆ ಕಾಲು ಬಿಟ್ಟರು.

“ಈ ನೀರು ನಾವು ಹೋಗುವ ಸಮುದ್ರಕ್ಕೇ ಸೇರುತ್ತದೇನೋ, ತಮ್ಮಾ?”

ಸೇರುವುದಿಲ್ಲವೆಂದೆವು. ತುಂಗೆಯೂ ಭದ್ರೆಯೂ ಹುಟ್ಟುವುದು ಪಶ್ಚಿಮಘಟ್ಟದಲ್ಲಿ, ಅರಬ್ಬೀ ಸಮುದ್ರಕ್ಕೆ ಸಮೀಪದಲ್ಲಿಯೇ; ಆದರೂ ಕೂಡಲಿಯಲ್ಲಿ ಒಂದಾಗಿ, ಪೂರ್ವಕ್ಕೆ ತಿರುಗಿ, ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಗೆ ಹೋಗುತ್ತವೆ.

ಅಕ್ಕನವರು ಸ್ವಲ್ಪ ಹೊತ್ತು ನೀರನ್ನು ನೋಡಿದರು. “ಹತ್ತಿರದ್ದನ್ನು ಬಿಟ್ಟು ಅಷ್ಟು ದೂರ ಹೋಯಿತೇ!” ಎಂದು, ಸೆರಗಿನಿಂದ ಕಾಲೊರಸಿಕೊಂಡು, ರೈಲು ಎಷ್ಟು ಗಂಟೆಗೆಂದು ಅಂದಿಗೆ ಮೂರನೆಯ ಸಲ ಕೇಳಿದರು.