ಕಟ್ಟಿದ ಮೂಗು

ದೆಹಲಿಯ ಕಾರ್ತೀಕವೆಂದರೆ ನಮ್ಮ ಮನೆಯಲ್ಲಿ ಮಗಳ ಮೂಗು ಕಟ್ಟುವ ಮಾಸ. 2024ರ ನವೆಂಬರ್ 18ರಂದು ವಾಯುಮಾಲಿನ್ಯದ ಸೂಚ್ಯಂಕ 490 ದಾಟಿತು. ಶಾಲೆ ಮನೆಯೊಳಗೇ ಬಂದು ಕುಳಿತಿತು. ಏಳು ವರ್ಷದವಳು ಕೆನ್ನೆ ನೋವೆಂದು ಅತ್ತಳು. ಊರಿನಿಂದ ನಮ್ಮ ತಾಯಿಯವರ ಆಜ್ಞೆ: ದೊಡ್ಡಪತ್ರೆ ಹಾಕಿ ಹಬೆ ಕೊಡಿ. ಆರ್.ಕೆ. ಪುರಂ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಆ ಗಿಡ ಚಳಿಗೆ ಮುದುಡಿಯೂ ಬದುಕಿತ್ತು. ಕಂಬಳಿ ಹೊದಿಸಿ ಪಾತ್ರೆ ಮುಂದಿಟ್ಟೆವು. ಉಸಿರುಗಟ್ಟಿ ಅವಳು ಕಾಲು ಝಾಡಿಸಿದಳು. ಚೆಲ್ಲಿದ ಕುದಿನೀರು ಪಾದಕ್ಕೆ ಎರಡು ಬೆರಳಗಲದಲ್ಲಿ ತಪ್ಪಿತು. ಆ ರಾತ್ರಿ ನಮಗಿಬ್ಬರಿಗೂ ನಿದ್ರೆಯಿಲ್ಲ. ಹಬೆ ಅಂದಿಗೇ ಮುಗಿಯಿತು.

ಕಡತಗಳ ನಡುವೆ ಮರೆತಿದ್ದ ಬಿ.ಎಸ್‌ಸಿ. ಆಗ ನೆನಪಾಯಿತು. ಲೀಟರಿಗೆ 9 ಗ್ರಾಂ ಉಪ್ಪು: ರಕ್ತದಷ್ಟೇ ಸಾರ, ಆದ್ದರಿಂದ ಮೂಗು ಉರಿಯದು. ಔಷಧದಂಗಡಿಯ ಉಪ್ಪುನೀರಿನ ಹನಿಯೂ ಹೆಚ್ಚುಕಡಿಮೆ ಅಂಥದೇ. ಹನಿ ಬಿಟ್ಟು ಸೀನಿಸಿದರೆ ಗಟ್ಟಿ ಸಿಂಬಳ ಸಡಿಲಾಗುತ್ತದೆ. ಕೆಮ್ಮಿಗೆ ರಾತ್ರಿ ಒಂದು ಚಮಚ ಜೇನು. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಕೂಡದು, ಬಾಟ್ಯುಲಿಸಂ ಎಂಬ ವಿಷಬಾಧೆಯ ಭಯವಿದೆ ಎಂದೆವು. “ನಿಮಗೆಲ್ಲ ಹುಟ್ಟಿದ ದಿನವೇ ನೆಕ್ಕಿಸಿದ್ದೆ” ಎಂದರು ತಾಯಿಯವರು.

ಹತ್ತು ದಿನವಾದರೂ ಇಳಿಯಲಿಲ್ಲ. ಇಷ್ಟು ದಿನ ಎಳೆದರೆ ಬ್ಯಾಕ್ಟೀರಿಯಾ ಇರಬಹುದೆಂದು ವೈದ್ಯರು ಆಂಟಿಬಯಾಟಿಕ್ ಬರೆದರು. ಕಣ್ಣಿನ ಸುತ್ತ ಊದಿದರೆ ಒಂದು ಗಂಟೆಯೂ ಕಾಯಬೇಡಿರೆಂದರು. ದೊಡ್ಡಪತ್ರೆ ಈಗ ತಂಬುಳಿಗೆ ಹೋಗುತ್ತಿದೆ.