ಬೀದರಿಗೆ ಹಾಯಿ ತಂದ ಗಾಳಿ

ಬೀದರಿಗೂ ಸಮುದ್ರಕ್ಕೂ ಬಹಳ ದೂರ. ಕೋಟೆಯ ಬುರುಜು ಹತ್ತಿ ನಿಂತರೆ ಕಾಣುವುದು ಕೆಂಪು ಕಲ್ಲು, ಕೆಳಗೆ ಹಬ್ಬಿದ ಹೊಲಗಳು, ಅಷ್ಟೇ. ಆದರೂ ಮಕ್ಕಳೇ, ಈ ಊರಿಗೂ ಹಾಯಿ ಹಡಗಿಗೂ ಐದುನೂರು ವರ್ಷಗಳಿಗಿಂತ ಹಳೆಯ ನಂಟಿದೆ.

ಊರೊಳಗಿನ ಮಹಮೂದ್ ಗವಾನನ ಮದರಸಾ ನೋಡಿದ್ದೀರಲ್ಲ? 1472ರಲ್ಲಿ ಕಟ್ಟಿದ್ದು. ಗೋಡೆಯ ಮೇಲೆ ಇಂದಿಗೂ ಬಣ್ಣದ ಹೆಂಚುಗಳ ಚೂರು ಹೊಳೆಯುತ್ತವೆ. ಗವಾನ್ ಹುಟ್ಟಿದ್ದು ಇರಾನಿನ ಗೀಲಾನ್ ಸೀಮೆಯಲ್ಲಿ. ವ್ಯಾಪಾರಿಯಾಗಿ ಹಡಗು ಹತ್ತಿ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದ. ಅಲ್ಲಿಂದ ಘಟ್ಟ ಹತ್ತಿ ಬೀದರಿಗೆ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ.

ಅದೇ ಕಾಲದಲ್ಲಿ ರಷ್ಯಾದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಹೊರ್ಮುಜಿನಿಂದ ಒಂದು ಕುದುರೆಯ ಜೊತೆ ಹಡಗು ಹತ್ತಿದ. ಚೌಲ್ ಬಂದರಿನಲ್ಲಿ ಇಳಿದು ಬೀದರಿಗೆ ಬಂದು ಕುದುರೆ ಮಾರಿದ. ಸುಲ್ತಾನರ ಅರಮನೆಗೆ ಏಳು ಬಾಗಿಲು, ಅಲ್ಲಿ ಒಳಗೆ ಹೋಗುವವರ, ಹೊರಗೆ ಬರುವವರ ಹೆಸರು ಬರೆದುಕೊಳ್ಳುವ ಗುಮಾಸ್ತರು ಎಂದು ಅವನು ದಾಖಲಿಸಿದ್ದಾನೆ. ಬ್ಯಾಂಕಿನಲ್ಲಿ ಲೆಕ್ಕ ಬರೆದೇ ಮುದುಕನಾದ ನನಗೆ ಆ ಗುಮಾಸ್ತರ ಮೇಲೆ ವಿಶೇಷ ಪ್ರೀತಿ. ಮರಳಿ ಹೋಗುವಾಗ ನಿಕಿತಿನ್ ದಾಭೋಳದಲ್ಲಿ ಹತ್ತಿದ ಹಡಗು ಆಫ್ರಿಕಾದ ಇಥಿಯೋಪಿಯಾ ಸೀಮೆಯ ಕಡೆಗೆ ಹೋಗಿ ಮುಟ್ಟಿತು. ಸಮುದ್ರದಲ್ಲಿ ಗಾಳಿಯ ಮಾತೇ ನಡೆಯುವುದು.

ಆ ಗಾಳಿ ನಮಗೆ ಹೊಸದಲ್ಲ. ಮಿರಗದ ಮಳೆ ಶುರುವಾದಾಗ ಭಾಲ್ಕಿಯ ದಾರಿಯಲ್ಲಿ ಹೋಗಿ ನೋಡಿ. ಪಡುವಣದ ಗಾಳಿ ಮೋಡ ತಳ್ಳಿಕೊಂಡು ಬರುತ್ತದೆ. ರೈತರು ಹೆಸರು, ಉದ್ದು, ತೊಗರಿ ಬಿತ್ತುತ್ತಾರೆ. ಕೌಠಾ ಸೇತುವೆಯ ಮೇಲೆ ಮಾಂಜ್ರಾ ನದಿ ದಾಟಿ ಔರಾದಿಗೆ, ಅಮರೇಶ್ವರನ ಊರಿಗೆ, ಹೋದರೆ ಅಲ್ಲಿಯೂ ಅದೇ ಗಾಳಿ. ಅರಬ್ಬಿ ಸಮುದ್ರ ದಾಟಿ ಬಂದ ಮುಂಗಾರು ಅದು. ನಮಗೆ ಅನ್ನ ಕೊಡುವ ಈ ಗಾಳಿಯೇ ನಡುಸಮುದ್ರದಲ್ಲಿ ಹಾಯಿ ಹರಿದು ಹಾಕುತ್ತದೆ.

ಲೆಕ್ಕ ಕೇಳಿ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಒಂಬತ್ತು. ಆಗ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ, ಚುಕ್ಕಾಣಿ ಮಾತು ಕೇಳುವುದಿಲ್ಲ. ಅದಕ್ಕೇ ನಾವಿಕರು ಹಾಯಿ ಚಿಕ್ಕದು ಮಾಡುತ್ತಾರೆ. ಅರಬ್ಬರ ಹಡಗುಗಳಲ್ಲಿ ದೊಡ್ಡ ಹಾಯಿ ಇಳಿಸಿ ಚಿಕ್ಕ ಹಾಯಿ ಏರಿಸುವ ರೂಢಿ ಇತ್ತು. ಅದಕ್ಕೆ ಬಹಳ ಜನ ಬೇಕು. ಇಂದಿನ ದೋಣಿಗಳಲ್ಲಿ ಅದೇ ಹಾಯಿಯ ಕೆಳಭಾಗವನ್ನು ಮಡಿಸಿ ಕಟ್ಟುತ್ತಾರೆ. ಇದಕ್ಕೆ ರೀಫಿಂಗ್ ಎಂದು ಹೆಸರು. ಹಳ್ಳ ದಾಟುವಾಗ ಮುತ್ಯಾ ಧೋತರ ಎತ್ತಿ ಕಟ್ಟುತ್ತಾರಲ್ಲ, ಹಾಗೆ.

ಬಿರುಗಾಳಿಯಲ್ಲಿ ಈ ಕೆಲಸ ಹಗುರಾಗುವುದು ತೋಳಿನ ಬಲದಿಂದಲ್ಲ, ಹಾಯಿಯ ಮೇಲಿನ ಭಾರ ಮೊದಲು ಇಳಿಸುವುದರಿಂದ. ಗಾಳಿ ತುಂಬಿದ ಹಾಯಿಯನ್ನು ಎಷ್ಟು ಜಗ್ಗಿದರೂ ಬರುವುದಿಲ್ಲ. ದೋಣಿಯ ಮುಖವನ್ನು ಗಾಳಿ ಬರುವ ಕಡೆಗೆ ಸ್ವಲ್ಪ ತಿರುಗಿಸಬೇಕು. ಹಾಯಿಯನ್ನು ಬಿಗಿಹಿಡಿದ ಹಗ್ಗ ಸಡಿಲ ಬಿಟ್ಟರೆ ಗಾಳಿ ಸೋರಿಹೋಗಿ ಬಟ್ಟೆ ಪಟಪಟ ಬಡಿಯುತ್ತದೆ. ಹಾಯಿಯ ಬುಡದ ಅಡ್ಡತೊಲೆ ಯಾರ ತಲೆಯ ಮೇಲೂ ಬೀಳದಂತೆ ಮೇಲಿನ ಹಗ್ಗದಿಂದ ಅದನ್ನು ಎತ್ತಿಹಿಡಿಯಬೇಕು. ಆಮೇಲೆ ಹಾಯಿ ಏರಿಸುವ ಹಗ್ಗವನ್ನು ಗುರುತು ಹಾಕಿದಷ್ಟೇ ಇಳಿಸಬೇಕು. ಕಂಬದ ಕಡೆಯ ಮೂಲೆಯನ್ನು ಕೊಕ್ಕೆಗೆ ಸಿಕ್ಕಿಸಿ, ಏರಿಸುವ ಹಗ್ಗವನ್ನು ಮತ್ತೆ ಬಿಗಿದು, ಕೊನೆಗೆ ಹಿಂದಿನ ಮೂಲೆಯನ್ನು ತೊಲೆಗೆ ಎಳೆದು ಕಟ್ಟಬೇಕು. ಉಳಿದ ಬಟ್ಟೆಯನ್ನು ಸುತ್ತಿ ಸಡಿಲವಾಗಿ ಕಟ್ಟಿದರೆ ಸಾಕು.

ಕತ್ತಲಲ್ಲೂ ಕೈಗೆ ಸಿಗುವಂತೆ ಹಗ್ಗಕ್ಕೆ ದಾರ ಸುತ್ತಿ ಗುರುತು ಮಾಡಿಡುವುದು, ಗಾಳಿ ಇಲ್ಲದ ದಿನ ಹತ್ತಾರು ಸಲ ಅಭ್ಯಾಸ ಮಾಡುವುದು ಇದರ ಪೂರ್ವತಯಾರಿ. ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿದೆ: ಹಾಯಿ ಮಡಿಸಬೇಕೇನೋ ಎಂಬ ಅನುಮಾನ ಮನಸ್ಸಿಗೆ ಬಂದೊಡನೆ ಮಡಿಸಿಬಿಡಬೇಕು. ಬಿರುಗಾಳಿ ಬಂದಮೇಲೆ ನೋಡೋಣ ಎಂದರೆ ಕೆಲಸ ಹತ್ತು ಪಟ್ಟು ಕಷ್ಟ.

ನಮ್ಮ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ವರ್ತಿಕಾ ಜೋಶಿಯವರ ಮುಂದಾಳುತನದಲ್ಲಿ 'ತಾರಿಣಿ' ಎಂಬ 55 ಅಡಿಯ ಹಾಯಿದೋಣಿಯಲ್ಲಿ ಭೂಮಿ ಸುತ್ತಿದರು. 2017ರ ಸೆಪ್ಟೆಂಬರ್ 10ರಂದು ಗೋವಾ ಬಿಟ್ಟವರು 2018ರ ಮೇ 21ರಂದು ಮರಳಿದರು. ಬಿರುಗಾಳಿಗೆ ಹೆಸರಾದ ಕೇಪ್ ಹಾರ್ನ್ ಭೂಶಿರವನ್ನೂ ದಾಟಿದರು. ಹಾಯಿ ಬಿಚ್ಚುವ ಧೈರ್ಯದಷ್ಟೇ ಸಕಾಲಕ್ಕೆ ಹಾಯಿ ಇಳಿಸುವ ವಿವೇಕವೂ ಇಂಥ ಪ್ರಯಾಣಕ್ಕೆ ಬೇಕು. ಹಾಯಿ ಮಡಿಸುವುದು ಹೆದರಿಕೆಯಲ್ಲ. ಮಡಿಸಿದ ದೋಣಿ ನೆಟ್ಟಗಾಗಿ ಎಷ್ಟೋ ಸಲ ಮೊದಲಿಗಿಂತ ಚೆನ್ನಾಗಿಯೇ ಓಡುತ್ತದೆ.

ಇದನ್ನು ಮಾಡಿ ನೋಡಲು ಸಮುದ್ರವೇ ಬೇಕಿಲ್ಲ. ಹಗುರ ಗಾಳಿಯ ದಿನ ಮುತ್ಯಾನ ಕೈಹಿಡಿದು ಬಯಲಿಗೆ ಹೋಗಿ ಛತ್ರಿ ಬಿಚ್ಚಿ. ಒಳಬದಿಗೆ ಗಾಳಿ ತುಂಬಿದಾಗ ಮುಚ್ಚಲು ಯತ್ನಿಸಿ, ಬರುವುದಿಲ್ಲ. ಈಗ ಛತ್ರಿಯ ತುದಿಯನ್ನು ಗಾಳಿಯ ಕಡೆಗೆ ತಿರುಗಿಸಿ ಮುಚ್ಚಿ. ಎಷ್ಟು ಸಲೀಸಾಗಿ ಮಡಿಸಿಕೊಳ್ಳುತ್ತದೆ ನೋಡಿ!