ಜರ್ಮನ್ ಬಲ್ಲ ನಾಯಿ

ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ಬಿಟ್ಟು ಆಸ್ಟಿನ್ ಕಡೆ ಹೊರಟರೆ ಅರ್ಧ ಗಂಟೆಯಲ್ಲಿ ಸಿಗುವ ಊರು ನ್ಯೂ ಬ್ರೌನ್‌ಫೆಲ್ಸ್. ಅಲ್ಲಿ ನಾವು ಆರು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಊರಿನ ಹೆಸರನ್ನು ಸರಿಯಾಗಿ ಹೇಳುವುದಕ್ಕೆ ನಾಲಿಗೆ ಪಳಗಲು ಒಂದು ವರ್ಷ ಬೇಕಾಯಿತು. ಪಳಗಿದ ಮೇಲೆ ನೋಡಿದರೆ, ಊರಿನ ಎಷ್ಟೋ ಜನರೇ ಸಕಾರವನ್ನು ನಡುವೆ ತೂರಿಸಿ ತಪ್ಪಾಗಿ ಹೇಳುತ್ತಿದ್ದರು. ನನ್ನ ಶುದ್ಧ ಉಚ್ಚಾರ ಕೇಳಿದವರೆಲ್ಲ, “ಊರಿಗೆ ಹೊಸಬರಾ?” ಎನ್ನುತ್ತಿದ್ದರು.

ಈ ಊರನ್ನು 1845ರ ಮಾರ್ಚಿನಲ್ಲಿ ಸ್ಥಾಪಿಸಿದವನು ಸೋಲ್ಮ್ಸ್-ಬ್ರೌನ್‌ಫೆಲ್ಸಿನ ರಾಜಕುಮಾರ ಕಾರ್ಲ್. ಜರ್ಮನಿಯ ಬಡ ರೈತರನ್ನು, ಕಸುಬುದಾರರನ್ನು ಹಡಗು ಹತ್ತಿಸಿ ಇಲ್ಲಿ ತಂದು ನೆಲೆಗೊಳಿಸಿದ. ಮದುವೆಯಾಗಬೇಕಿದ್ದ ಸೋಫಿಯ ಹೆಸರಿನಲ್ಲಿ ಗುಡ್ಡದ ಮೇಲೆ ಕೋಟೆ ಕಟ್ಟಿಸಲು ಅಡಿಗಲ್ಲನ್ನೂ ಇಟ್ಟ. ಸೋಫಿ ಟೆಕ್ಸಾಸಿನ ಕಡೆ ತಲೆ ಹಾಕಲಿಲ್ಲ. ರಾಜಕುಮಾರನೂ ಅದೇ ವರ್ಷ ಗಂಟುಮೂಟೆ ಕಟ್ಟಿಕೊಂಡು ಜರ್ಮನಿಗೆ ಮರಳಿದ. ಕೋಟೆ ಏಳಬೇಕಿದ್ದ ಗುಡ್ಡದ ಮೇಲೆ ಈಗ ‘ಸೋಫಿಯನ್‌ಬರ್ಗ್’ ಎಂಬ ವಸ್ತುಸಂಗ್ರಹಾಲಯವಿದೆ. ಅಮೆರಿಕಕ್ಕೆ ಬಂದು ನಿಜವಾಗಿ ವಾಪಸ್ ಹೋದವನು ನನಗೆ ಗೊತ್ತಿರುವಂತೆ ಇವನೊಬ್ಬನೇ. ‘ಎರಡೇ ವರ್ಷ, ಆಮೇಲೆ ಹೊರಟುಬಿಡೋಣ’ ಎಂದು ಬಂದ ನಾವೆಲ್ಲ ಇನ್ನೂ ಇಲ್ಲೇ ಇದ್ದೇವೆ.

ಅಪ್ಪ ಊರಿಂದ ಬಂದಾಗ ಮೊದಲು ತೋರಿಸಿದ್ದು ಕೊಮಾಲ್ ನದಿ. ಲಾಂಡಾ ಪಾರ್ಕಿನ ಬಳಿಯ ಬುಗ್ಗೆಗಳಲ್ಲಿ ಹುಟ್ಟಿ, ಸುಮಾರು ನಾಲ್ಕು ಕಿಲೋಮೀಟರ್ ಹರಿದು, ಊರೊಳಗೇ ಗ್ವಾಡಲೂಪೆ ನದಿ ಸೇರುತ್ತದೆ. ಅಪ್ಪ ಭದ್ರಾವತಿ ಕಡೆಯವರು, ಕನ್ನಡ ಮೇಷ್ಟರಾಗಿ ನಿವೃತ್ತರಾದವರು. “ಇದನ್ನ ನದಿ ಅಂತೀರಾ? ನಮ್ಮ ಭದ್ರಾ ಚಾನಲ್ಲೇ ಇದಕ್ಕಿಂತ ಉದ್ದ ಇದೆ ಕಣೋ” ಅಂದರು. ಬೇಸಿಗೆಯಲ್ಲಿ ಜನ ಟ್ಯೂಬಿನೊಳಗೆ ಕೂತು ಆ ನದಿಯಲ್ಲಿ ತೇಲುತ್ತಾರೆ. ಒಂದು ಟ್ಯೂಬಿನಲ್ಲಿ ಮನುಷ್ಯ, ಅದಕ್ಕೆ ಹಗ್ಗ ಕಟ್ಟಿದ ಇನ್ನೊಂದರಲ್ಲಿ ಬಿಯರಿನ ಪೆಟ್ಟಿಗೆ. ಬಾಡಿಗೆ ಕೇಳಿ ಅಪ್ಪ ದಂಗಾದರು. ಬಾವಿಯಲ್ಲಿ ನನಗೆ ಈಜು ಕಲಿಸಿದ್ದು ಅವರೇ, ಪಂಕ್ಚರ್ ಅಂಗಡಿಯಿಂದ ಪುಕ್ಕಟೆ ತಂದ ಲಾರಿ ಟ್ಯೂಬು ಕಟ್ಟಿ. ಕೊನೆಗೆ ತಾವೂ ಒಂದರಲ್ಲಿ ಕೂತರು. ಪಂಚೆ ನೆನೆಯಬಾರದೆಂದು ಮೇಲೆತ್ತಿ ಕಟ್ಟಿಕೊಂಡು, ಎರಡು ಗಂಟೆ ರಾಜಕುಮಾರನ ಗತ್ತಿನಲ್ಲಿ ತೇಲಿದರು. ಪಂಚೆ ಪೂರ್ತಿ ನೆನೆದಿತ್ತು.

ಜರ್ಮನರೆಂದರೆ ಅಪ್ಪನಿಗೆ ಕಿಟೆಲ್. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಅವರ ನಿಘಂಟು ಅಪ್ಪನ ಮೇಜಿನ ಮೇಲೆ ದೇವರ ಪಟಕ್ಕೆ ಸಮನಾಗಿತ್ತು. 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಮೋಗ್ಲಿಂಗ್ ಕೂಡ ಜರ್ಮನ್. ಹಾಗಾಗಿ ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜಿ ಜರ್ಮನ್ ಮೂಲದವರೆಂದು ಕೇಳಿದ್ದೇ ತಡ, ಅಪ್ಪ ಬೇಲಿಯ ಹತ್ತಿರ ಹೋಗಿ ಕೈಮುಗಿದು, “ಕಿಟೆಲ್! ಕನ್ನಡ ಡಿಕ್ಷನರಿ! ಗ್ರೇಟ್ ಮ್ಯಾನ್!” ಎಂದರು. ಅಜ್ಜಿ ನನ್ನ ಮುಖ ನೋಡಿದರು. ನಾನು ವಿವರಿಸಿದೆ. ಅವರು ಸ್ವಲ್ಪ ಯೋಚಿಸಿ, ತಮ್ಮ ನೆಂಟರಲ್ಲಿ ಆ ಹೆಸರಿನವರು ಯಾರೂ ಇಲ್ಲವೆಂದು ಕ್ಷಮೆ ಕೇಳಿದರು.

ಮೊಮ್ಮಕ್ಕಳು ಅವರನ್ನು ‘ಓಮಾ’ ಎನ್ನುತ್ತಿದ್ದರು, ಜರ್ಮನಿನಲ್ಲಿ ಅಜ್ಜಿ ಎಂದರ್ಥ. ಆ ಮಕ್ಕಳಿಗೆ ಬರುತ್ತಿದ್ದ ಜರ್ಮನ್ ಅಷ್ಟೇ. ಓಮಾ ಆಡುತ್ತಿದ್ದದ್ದೂ ಜರ್ಮನಿಯ ಜರ್ಮನ್ ಅಲ್ಲ, ಟೆಕ್ಸಾಸ್ ಜರ್ಮನ್. ವಲಸೆ ಬಂದವರು ತವರಿನಲ್ಲಿ ಕಂಡಿರದ ಸ್ಕಂಕ್ ಪ್ರಾಣಿಯನ್ನು ಇಲ್ಲಿ ನೋಡಿ ‘ಸ್ಟಿಂಕ್‌ಕಾಟ್ಸೆ’, ಅಂದರೆ ನಾತದ ಬೆಕ್ಕು ಎಂದರು. ವಿಮಾನ ಬಂದಾಗ ಅದನ್ನು ‘ಗಾಳಿಹಡಗು’ ಎಂದರು. ಕಾರು ಬರುವ ಹೊತ್ತಿಗೆ ಸುಸ್ತಾಗಿದ್ದಿರಬೇಕು, ಕಾರನ್ನು ಕಾರೇ ಎಂದು ಬಿಟ್ಟರು. ಇದನ್ನು ಕೇಳಿ ನಾನು ನಕ್ಕೆ. ಅದೇ ಸಂಜೆ ಮಗನಿಗೆ, “ಗ್ಯಾರೇಜ್ ಡೋರ್ ಕ್ಲೋಸ್ ಮಾಡಿ ಲೈಟ್ ಆಫ್ ಮಾಡೋ” ಎಂದು ಕನ್ನಡದಲ್ಲಿ ಗದರಿದೆ.

ಒಂದು ಕಾಲಕ್ಕೆ ಊರಿಗೆಲ್ಲ ಜರ್ಮನ್ನೇ. 1852ರಲ್ಲಿ ಶುರುವಾದ ಇಲ್ಲಿನ ಪತ್ರಿಕೆಗೆ ಸಸ್ಯವಿಜ್ಞಾನಿ ಲಿಂಡ್‌ಹೈಮರ್ ಮೊದಲ ಸಂಪಾದಕ. ಅದು 1957ರವರೆಗೂ ಜರ್ಮನಿನಲ್ಲಿ ಅಚ್ಚಾಯಿತು. ನಡುವೆ ಮೊದಲ ಮಹಾಯುದ್ಧ ಬಂತು, ಜರ್ಮನ್ ಆಡಿದವರೆಲ್ಲ ಶತ್ರುಗಳಂತೆ ಕಂಡರು. 1918ರಲ್ಲಿ ಟೆಕ್ಸಾಸಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಕಲಿಸಬೇಕೆಂದು ಕಾನೂನಾಯಿತು. ಓಮಾಳ ಮನೆಯಲ್ಲಿ ಮಾತ್ರ ಜರ್ಮನ್ ಉಳಿದಿತ್ತು. ಆಕೆಯ ಮಕ್ಕಳ ಕಾಲಕ್ಕೆ ಅಲ್ಲೂ ಇಲ್ಲ. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಜರ್ಮನ್ ಅರ್ಥವಾಗುತ್ತಿದ್ದದ್ದು ಇನ್ನೊಂದೇ ಜೀವಕ್ಕೆ: ನಾಯಿಗೆ. ಬೆಳಿಗ್ಗೆ ಏಳಕ್ಕೆ ಬೇಲಿಯಾಚೆ “ಕೊಮ್ ಹೇರ್!” ಎಂದು ಕೂಗು. ನಾಯಿ ಓಡಿ ಬರುತ್ತಿತ್ತು. ಮೊಮ್ಮಗ ಇಂಗ್ಲಿಷಿನಲ್ಲಿ ಕರೆದರೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. “ಭಾಷಾಭಿಮಾನಿ ನಾಯಿ ಕಣೋ ಇದು” ಎಂದು ಅಪ್ಪ ಅದಕ್ಕೆ ದಿನಾ ಅರ್ಧ ಚಪಾತಿ ಹಾಕುತ್ತಿದ್ದರು.

ನವೆಂಬರ್ ಬಂದರೆ ಇಡೀ ಊರಿಗೆ ತಾನು ಜರ್ಮನ್ ಎಂಬುದು ನೆನಪಾಗುತ್ತದೆ. 1961ರಲ್ಲಿ ಊರಿನ ಮಾಂಸ ತಪಾಸಣೆಯ ಅಧಿಕಾರಿಯೊಬ್ಬರ ಉತ್ಸಾಹದಿಂದ ಶುರುವಾದ ಸಾಸೇಜಿನ ಹಬ್ಬ, ‘ವುರ್ಸ್ಟ್‌ಫೆಸ್ಟ್’. ಹತ್ತು ದಿನ ಅಕಾರ್ಡಿಯನ್, ಬಿಯರು, ಚರ್ಮದ ಚಡ್ಡಿಯ ಕೆಳಗೆ ಕೌಬಾಯ್ ಬೂಟು ಹಾಕಿದ ಗಂಡಸರು. ಹೊಗೆಯೆಲ್ಲ ಸಾಸೇಜಿನದು. ನಮ್ಮಂಥ ಸಸ್ಯಾಹಾರಿಗಳಿಗೆ ಸಿಕ್ಕಿದ್ದು ತುರಿದ ಆಲೂಗೆಡ್ಡೆಯ ತಟ್ಟು, ಪಕ್ಕಕ್ಕೆ ಬೇಯಿಸಿ ಮಸೆದ ಸೇಬು. “ಆಲೂ ರೊಟ್ಟಿ, ಸೇಬಿನ ಗೊಜ್ಜು. ಒಗ್ಗರಣೆ ಒಂದು ಮರೆತಿದ್ದಾರೆ” ಎಂದು ಅಪ್ಪ ತೀರ್ಪು ಕೊಟ್ಟರು. ಆಮೇಲೆ ಸುತ್ತ ನೋಡಿ ಕೇಳಿದರು: “ಇಷ್ಟು ಜನರಲ್ಲಿ ಒಬ್ಬರೂ ಜರ್ಮನ್ ಮಾತಾಡ್ತಿಲ್ಲವಲ್ಲೋ?”

ಅದರ ಮುಂದಿನ ಶನಿವಾರ ಆಸ್ಟಿನ್ನಿನಲ್ಲಿ ನಮ್ಮ ರಾಜ್ಯೋತ್ಸವ. ಅಂಟುಪಟ್ಟಿಯ ರೆಡಿಮೇಡ್ ಪಂಚೆ ಉಟ್ಟ ಹುಡುಗರು, ಹೆಗಲಿಗೆ ಕೆಂಪು-ಹಳದಿ ಶಾಲು, ಬಿಸಿಬೇಳೆಬಾತಿನ ಸಾಲು. ನಾಡಗೀತೆಗೆ ಎದ್ದು ನಿಂತ ಮಕ್ಕಳು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಪಿಸುಗುಡುತ್ತಿದ್ದರು. ಅಪ್ಪ ಈ ಸಲ ಏನೂ ಕೇಳಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿದರು. ಭಾಷೆ ಮನೆ ಬಿಟ್ಟು ಹೋಗುವಾಗ ಕೊನೆಗೆ ಹೊಸ್ತಿಲು ದಾಟುವುದು ಅಡುಗೆಯ ಹೆಸರುಗಳು ಮತ್ತು ಅಜ್ಜಿ ಎಂಬ ಮಾತು ಎಂದು ನನಗೆ ಅಲ್ಲಿ ಹೊಳೆಯಿತು.

ಈಗ ನಾವು ಡಲ್ಲಾಸಿನಲ್ಲಿದ್ದೇವೆ. ಅಪ್ಪ ಇಲ್ಲ. ಹೋದ ಚಳಿಗಾಲದಲ್ಲಿ ಊರು ನೋಡಿ ಬರೋಣವೆಂದು ಹೋದೆವು. 2010ರಲ್ಲಿ 57,740 ಇದ್ದ ಜನ 2020ಕ್ಕೆ 90,403 ಆಗಿದ್ದಾರೆ. ನನ್ನ ಕಣ್ಣಿಗೆ ಅವರೆಲ್ಲ ಒಟ್ಟಿಗೆ ಕಾರು ತೆಗೆದ ಹಾಗಿತ್ತು. 1868ರ ನೇಗಲಿನ್ಸ್ ಬೇಕರಿಯಲ್ಲಿ ಸೇಬಿನ ಸ್ಟ್ರೂಡಲ್ ಕೊಂಡೆವು. ರುಚಿ ಹಾಗೇ ಇತ್ತು. ನಮ್ಮ ಹಳೇ ಬೀದಿಯಲ್ಲಿ ಓಮಾಳ ಮನೆಗೆ ಹೊಸ ಬಣ್ಣ, ಹೊಸ ಬೇಲಿ. ಆಕೆ ಹೋಗಿ ಎರಡು ವರ್ಷವಾಯಿತಂತೆ. ನಾಯಿಯ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೇಲಿಯ ಹತ್ತಿರ ನಿಂತು ಮೆಲ್ಲಗೆ, “ಕೊಮ್ ಹೇರ್” ಎಂದೆ. ಹೊಸ ಮನೆಯೊಡೆಯ ಕಿಟಕಿಯಿಂದ ಇಣುಕಿದ. ಕಾರು ಹತ್ತಿದೆವು.

ಮಕ್ಕಳ ಹಟಕ್ಕೆ ಈಗ ನಮ್ಮ ಮನೆಗೂ ಒಂದು ನಾಯಿ ಬಂದಿದೆ. ಬೆಳಿಗ್ಗೆ ವಾಕಿಂಗ್ ಕರೆದೊಯ್ಯುವುದು ನಾನೇ. “ಬಾರೋ, ಕೂತ್ಕೋ, ಅಲ್ಲೆಲ್ಲ ಮೂತಿ ಹಾಕಬೇಡ” ಎಂದರೆ ಥಟ್ಟನೆ ಕೇಳುತ್ತದೆ. ಮನೆಯಲ್ಲಿ ಅದಕ್ಕೊಂದಕ್ಕೆ ಕನ್ನಡ ಚೆನ್ನಾಗಿ ಬರುತ್ತದೆ.